ವಯೋಮಾನ, ಏರೋಬಿಕ್ ದೈಹಿಕ ಸಾಮರ್ಥ್ಯ ಮತ್ತು ದೇಹದಲ್ಲಿನ ರಕ್ತದ ಪ್ರಮಾಣ: ಸಾರ್ವಜನಿಕ ಮಾಹಿತಿ

1. ಪೀಠಿಕೆ

ವಯಸ್ಸಾದ ಮೇಲೆ ಮೈಯಲ್ಲಿ ರಕ್ತ ಕಡಿಮೆಯಾಗುತ್ತದೆ, ಆದುದರಿಂದ ಹೆಚ್ಚು ಓಡಾಡಬಾರದು ಎಂಬ ಮಾತು ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಈ ಮಾತಿನ ಮೊದಲ ಭಾಗದಲ್ಲಿ ಸತ್ಯಾಂಶವಿದೆ. ಎರಡನೆಯ ಭಾಗವು ಮಾತ್ರ ಬಹುತೇಕ ಸಂದರ್ಭಗಳಲ್ಲಿ ತೊಂದರೆಯನ್ನು ಹೆಚ್ಚಿಸುವ ಸಲಹೆಯಾಗಿದೆ. ವಯೋಮಾನದೊಂದಿಗೆ ಕಂಡುಬರುವ ರಕ್ತದ ಇಳಿಕೆಯಲ್ಲಿ ಒಂದು ಗಣನೀಯ ಪಾಲು ವಯಸ್ಸಿನದಲ್ಲ, ಚಟುವಟಿಕೆಯ ಕೊರತೆಯದು ಎಂಬುದನ್ನು ಕಳೆದ ಕೆಲವು ದಶಕಗಳ ಸಂಶೋಧನೆಗಳು ತೋರಿಸಿವೆ.

ಹಿರಿಯ ನಾಗರಿಕರು, ಅವರ ಆರೈಕೆಯ ಹೊಣೆ ಹೊತ್ತ ಕುಟುಂಬದವರು ಹಾಗೂ ರಕ್ತದಾನ ಮಾಡಲು ಇಚ್ಛಿಸುವವರ ತಿಳುವಳಿಕೆಗಾಗಿ ಈ ವಿಷಯದ ಮುಖ್ಯಾಂಶಗಳನ್ನು ಇಲ್ಲಿ ನೀಡಲಾಗಿದೆ.

2. ರಕ್ತದ ಒಟ್ಟು ಪ್ರಮಾಣ ಎಂದರೇನು?

ವಯಸ್ಕರ ದೇಹತೂಕದಲ್ಲಿ ಸುಮಾರು ಶೇ. 7ರಿಂದ 8ರಷ್ಟು ರಕ್ತವಿರುತ್ತದೆ. ಪುರುಷರಲ್ಲಿ ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 70 ಮಿ.ಲೀ., ಮಹಿಳೆಯರಲ್ಲಿ ಸುಮಾರು 65 ಮಿ.ಲೀ. ಎಂದು ಲೆಕ್ಕ ಹಾಕುವುದು ರೂಢಿ. ಅದರಂತೆ 60 ಕಿ.ಗ್ರಾಂ ತೂಕದ ಪುರುಷರಲ್ಲಿ ಸುಮಾರು 4.2 ಲೀಟರ್, 50 ಕಿ.ಗ್ರಾಂ ತೂಕದ ಮಹಿಳೆಯರಲ್ಲಿ ಸುಮಾರು 3.25 ಲೀಟರ್ ರಕ್ತವಿರುತ್ತದೆ.

ಈ ರಕ್ತದಲ್ಲಿ ಎರಡು ಮುಖ್ಯ ಭಾಗಗಳಿವೆ.

(ಅ) ಪ್ಲಾಸ್ಮಾ: ನೀರು, ಲವಣ ಮತ್ತು ಪ್ರೋಟೀನುಗಳಿಂದ ಕೂಡಿದ ದ್ರವಭಾಗ. ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗ ಇದೇ ಆಗಿರುತ್ತದೆ. ಇದು ಕೆಲವು ಗಂಟೆಗಳಲ್ಲಿಯೇ ಹೆಚ್ಚು ಕಡಿಮೆಯಾಗಬಲ್ಲದು.

(ಆ) ಕೆಂಪು ರಕ್ತಕಣಗಳು: ಹಿಮೋಗ್ಲೋಬಿನ್ ಮೂಲಕ ಆಮ್ಲಜನಕವನ್ನು ಸಾಗಿಸುವ ಕಣಗಳು. ಇವು ಮೂಳೆಯ ಮಜ್ಜೆಯಲ್ಲಿ ಹುಟ್ಟಿ ಸುಮಾರು 120 ದಿನ ಬದುಕುತ್ತವೆ. ಇವುಗಳ ಸಂಖ್ಯೆ ಹೆಚ್ಚಲು ವಾರಗಳು ಬೇಕು.

3. ಹಿಮೋಗ್ಲೋಬಿನ್ ವರದಿಯು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಪ್ರಯೋಗಾಲಯದ ವರದಿಯಲ್ಲಿ ಕಾಣುವ ಹಿಮೋಗ್ಲೋಬಿನ್ ಅಂಕಿಯು ಸಾಂದ್ರತೆಯನ್ನು ಸೂಚಿಸುತ್ತದೆ. ಅಂದರೆ 100 ಮಿ.ಲೀ. ರಕ್ತದಲ್ಲಿ ಎಷ್ಟು ಗ್ರಾಂ ಹಿಮೋಗ್ಲೋಬಿನ್ ಇದೆ ಎಂಬುದನ್ನು ಮಾತ್ರ ಅದು ತಿಳಿಸುತ್ತದೆ. ದೇಹದಲ್ಲಿ ಒಟ್ಟು ಎಷ್ಟು ರಕ್ತವಿದೆ ಎಂಬುದು ಅದರಿಂದ ತಿಳಿಯದು. ಈ ವ್ಯತ್ಯಾಸವನ್ನು ಒಂದು ಸರಳ ಲೆಕ್ಕದಿಂದ ಅರಿಯಬಹುದು.

ಒಬ್ಬ ವ್ಯಕ್ತಿಯಲ್ಲಿ 4.2 ಲೀಟರ್ ರಕ್ತವಿದ್ದು, ಹಿಮೋಗ್ಲೋಬಿನ್ 14 ಗ್ರಾಂ ಇದೆ ಎಂದುಕೊಳ್ಳೋಣ. ಒಟ್ಟು ಹಿಮೋಗ್ಲೋಬಿನ್ 588 ಗ್ರಾಂ ಆಗುತ್ತದೆ.

- ವ್ಯಾಯಾಮದಿಂದ ಪ್ಲಾಸ್ಮಾ 400 ಮಿ.ಲೀ. ಹೆಚ್ಚಿದರೆ ರಕ್ತ 4.6 ಲೀಟರ್ ಆಗುತ್ತದೆ. ವರದಿಯಲ್ಲಿ ಹಿಮೋಗ್ಲೋಬಿನ್ ಸುಮಾರು 12.8 ಎಂದು ಬರುತ್ತದೆ.
- ನೀರಿನ ಕೊರತೆಯಿಂದ ಪ್ಲಾಸ್ಮಾ 400 ಮಿ.ಲೀ. ಕಡಿಮೆಯಾದರೆ ರಕ್ತ 3.8 ಲೀಟರ್ ಆಗುತ್ತದೆ. ವರದಿಯಲ್ಲಿ ಹಿಮೋಗ್ಲೋಬಿನ್ ಸುಮಾರು 15.5 ಎಂದು ಬರುತ್ತದೆ.

ಮೂರು ಸಂದರ್ಭಗಳಲ್ಲಿಯೂ ಒಟ್ಟು ಹಿಮೋಗ್ಲೋಬಿನ್ ಒಂದೇ. ಮೊದಲನೆಯ ಬದಲಾವಣೆಯಲ್ಲಿ ಅಂಕಿ ಇಳಿದಿದ್ದರೂ ದೇಹದ ಸ್ಥಿತಿ ಉತ್ತಮವಾಗಿದೆ. ಎರಡನೆಯದರಲ್ಲಿ ಅಂಕಿ ಏರಿದ್ದರೂ ದೇಹ ಒಣಗಿದೆ. ಹೀಗಾಗಿ ದೂರ ಓಡುವ ಕ್ರೀಡಾಪಟುಗಳಲ್ಲಿ ಕೆಲವೊಮ್ಮೆ ರಕ್ತಹೀನತೆ ಇಲ್ಲದಿದ್ದರೂ ಹಿಮೋಗ್ಲೋಬಿನ್ ಕಡಿಮೆ ಇರುವಂತೆ ಕಾಣುತ್ತದೆ.

ವಿಶೇಷ ಸೂಚನೆ: ಈ ಲೆಕ್ಕದ ಆಧಾರದ ಮೇಲೆ ಯಾರೂ ಕಡಿಮೆ ಹಿಮೋಗ್ಲೋಬಿನ್ ಅನ್ನು ಕಡೆಗಣಿಸತಕ್ಕದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಪುರುಷರಲ್ಲಿ 13 ಗ್ರಾಂಗಿಂತ, ಗರ್ಭಿಣಿಯರಲ್ಲದ ಮಹಿಳೆಯರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ. ಹಿರಿಯರಲ್ಲಿ ಇದು ಕಬ್ಬಿಣಾಂಶ ಅಥವಾ ಬಿ12 ಕೊರತೆ, ಮೂತ್ರಪಿಂಡದ ಕಾಯಿಲೆ, ಜಠರ ಅಥವಾ ಕರುಳಿನಲ್ಲಿ ರಕ್ತಸ್ರಾವ ಮುಂತಾದವುಗಳ ಲಕ್ಷಣವಾಗಿರಬಹುದು. ಕಾರಣವನ್ನು ವೈದ್ಯರೇ ನಿರ್ಧರಿಸಬೇಕು.

4. ಏರೋಬಿಕ್ ಸಾಮರ್ಥ್ಯಕ್ಕೂ ರಕ್ತಕ್ಕೂ ಇರುವ ಸಂಬಂಧ

ವೇಗದ ನಡಿಗೆ, ಸೈಕಲ್ ಸವಾರಿ, ಈಜು, ಓಟ ಮುಂತಾದ ಚಟುವಟಿಕೆಗಳಲ್ಲಿ ಸ್ನಾಯುಗಳು ಆಮ್ಲಜನಕವನ್ನು ಬಳಸಿ ದೀರ್ಘಕಾಲ ಕೆಲಸ ಮಾಡುತ್ತವೆ. ಒಂದು ನಿಮಿಷದಲ್ಲಿ ದೇಹವು ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವೇ ಏರೋಬಿಕ್ ಸಾಮರ್ಥ್ಯದ ಅಳತೆ. ಅದು ಮುಖ್ಯವಾಗಿ ಎರಡು ಅಂಶಗಳನ್ನು ಅವಲಂಬಿಸಿದೆ: ಹೃದಯವು ಪ್ರತಿ ನಿಮಿಷಕ್ಕೆ ಎಷ್ಟು ರಕ್ತವನ್ನು ಹೊರದೂಡುತ್ತದೆ ಮತ್ತು ಆ ರಕ್ತದಿಂದ ಸ್ನಾಯುಗಳು ಎಷ್ಟು ಆಮ್ಲಜನಕವನ್ನು ಪಡೆಯುತ್ತವೆ.

ಹೃದಯವು ತನ್ನೊಳಗೆ ಬಂದ ರಕ್ತವನ್ನು ಮಾತ್ರ ಹೊರದೂಡಬಲ್ಲದು. ಒಟ್ಟು ರಕ್ತ ಹೆಚ್ಚಿದ್ದಾಗ ಹೃದಯಕ್ಕೆ ಮರಳುವ ರಕ್ತವೂ ಹೆಚ್ಚುತ್ತದೆ, ಪ್ರತಿ ಬಡಿತದಲ್ಲಿ ಹೊರಬೀಳುವ ರಕ್ತವೂ ಹೆಚ್ಚುತ್ತದೆ. ದೀರ್ಘ ತರಬೇತಿ ಪಡೆದ ಕ್ರೀಡಾಪಟುಗಳ ರಕ್ತದ ಪ್ರಮಾಣವು ತರಬೇತಿ ಇಲ್ಲದವರಿಗಿಂತ ಸುಮಾರು ಶೇ. 20ರಿಂದ 25ರಷ್ಟು ಹೆಚ್ಚಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ.

ಈ ಸಂಬಂಧವು ಕೇವಲ ಕಾಕತಾಳೀಯವಲ್ಲ ಎಂಬುದಕ್ಕೆ ಎರಡು ಪ್ರಯೋಗಗಳು ಆಧಾರವಾಗಿವೆ. 1972ರಲ್ಲಿ ಸ್ವೀಡನ್ ದೇಶದ ಎಕ್‌ಬ್ಲೊಮ್ ಮತ್ತು ಸಂಗಡಿಗರು ಸ್ವಯಂಸೇವಕರಿಂದ ರಕ್ತ ತೆಗೆದಾಗ ಅವರ ಸಾಮರ್ಥ್ಯ ಇಳಿಯಿತು. ಕೆಲವು ವಾರಗಳ ನಂತರ ಅವರದೇ ಕೆಂಪು ಕಣಗಳನ್ನು ಮರಳಿ ನೀಡಿದಾಗ ಗರಿಷ್ಠ ಆಮ್ಲಜನಕ ಬಳಕೆಯು ಸುಮಾರು ಶೇ. 9ರಷ್ಟು ಏರಿತು. (ಇದೇ ವಿಧಾನವನ್ನು ಕ್ರೀಡಾ ಸ್ಪರ್ಧೆಗಳಲ್ಲಿ ಬಳಸುವುದನ್ನು ನಂತರ ನಿಷೇಧಿಸಲಾಯಿತು.) 1986ರಲ್ಲಿ ಅಮೆರಿಕದ ಕೊಯ್ಲ್ ಮತ್ತು ಸಂಗಡಿಗರು, ಚೆನ್ನಾಗಿ ತರಬೇತಿ ಪಡೆದವರು 2ರಿಂದ 4 ವಾರ ವ್ಯಾಯಾಮ ನಿಲ್ಲಿಸಿದಾಗ ರಕ್ತದ ಪ್ರಮಾಣ ಸುಮಾರು ಶೇ. 9ರಷ್ಟು ಕುಸಿದದ್ದನ್ನು ದಾಖಲಿಸಿದರು. ಪ್ಲಾಸ್ಮಾ ಪ್ರಮಾಣವನ್ನು ಕೃತಕವಾಗಿ ಮೊದಲಿನ ಮಟ್ಟಕ್ಕೆ ತಂದಾಗ ಹೃದಯವು ಪ್ರತಿ ಬಡಿತದಲ್ಲಿ ಹೊರದೂಡುವ ರಕ್ತವೂ ಬಹುತೇಕ ಮೊದಲಿನಂತಾಯಿತು.

5. ವ್ಯಾಯಾಮದಿಂದ ರಕ್ತ ಹೆಚ್ಚುವ ಕ್ರಮ

ವ್ಯಾಯಾಮದ ವೇಳೆ ಬೆವರಿನಿಂದ ನೀರು ಮತ್ತು ಲವಣ ನಷ್ಟವಾಗುತ್ತದೆ. ಇದಕ್ಕೆ ಪ್ರತಿಯಾಗಿ ದೇಹವು ಕೆಲವು ಹಾರ್ಮೋನುಗಳ ಮೂಲಕ ಮೂತ್ರಪಿಂಡಗಳು ಲವಣ ಮತ್ತು ನೀರನ್ನು ಉಳಿಸಿಕೊಳ್ಳುವಂತೆ ಮಾಡುತ್ತದೆ. ಜೊತೆಗೆ ಅಲ್ಬುಮಿನ್ ಎಂಬ ಪ್ರೋಟೀನು ರಕ್ತನಾಳಗಳಲ್ಲಿ ಹೆಚ್ಚುತ್ತದೆ. ಅಲ್ಬುಮಿನ್ ನೀರನ್ನು ತನ್ನತ್ತ ಸೆಳೆದು ನಾಳದೊಳಗೆ ಹಿಡಿದಿಡುವುದರಿಂದ ಪ್ಲಾಸ್ಮಾ ಪ್ರಮಾಣ ಏರುತ್ತದೆ. ಯುವಕರಲ್ಲಿ ಈ ಏರಿಕೆಯು ವ್ಯಾಯಾಮ ಆರಂಭಿಸಿದ ಒಂದೆರಡು ದಿನಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಎರಡನೆಯ ಹಂತದಲ್ಲಿ ಮೂತ್ರಪಿಂಡದಿಂದ ಬರುವ ಎರಿತ್ರೋಪೊಯೆಟಿನ್ ಹಾರ್ಮೋನಿನ ಪ್ರಚೋದನೆಯಿಂದ ಕೆಂಪು ರಕ್ತಕಣಗಳ ಉತ್ಪಾದನೆ ಹೆಚ್ಚುತ್ತದೆ. ಇದಕ್ಕೆ ಹಲವು ವಾರಗಳ ನಿಯಮಿತ ವ್ಯಾಯಾಮ ಅಗತ್ಯ. ಕಬ್ಬಿಣಾಂಶ, ಬಿ12 ಮತ್ತು ಫೋಲಿಕ್ ಆಮ್ಲದ ಕೊರತೆ ಇದ್ದಲ್ಲಿ ಈ ಹಂತವು ಪೂರ್ಣಗೊಳ್ಳುವುದಿಲ್ಲ.

6. ವಯಸ್ಸಾದಂತೆ ಆಗುವ ಬದಲಾವಣೆಗಳು

ಮೂವತ್ತರ ನಂತರ, ವ್ಯಾಯಾಮವಿಲ್ಲದವರಲ್ಲಿ ಏರೋಬಿಕ್ ಸಾಮರ್ಥ್ಯವು ಪ್ರತಿ ದಶಕಕ್ಕೆ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಇದಕ್ಕೆ ಕಾರಣಗಳು ಹಲವು: ಹೃದಯ ಬಡಿತದ ಗರಿಷ್ಠ ಮಿತಿ ತಗ್ಗುವುದು, ಸ್ನಾಯುಗಳು ಕ್ಷೀಣಿಸುವುದು, ರಕ್ತನಾಳಗಳು ಗಡುಸಾಗುವುದು ಹಾಗೂ ರಕ್ತದ ಪ್ರಮಾಣ ಕಡಿಮೆಯಾಗುವುದು.

ರಕ್ತದ ಪ್ರಮಾಣಕ್ಕೆ ಸಂಬಂಧಿಸಿದಂತೆ ಹಿರಿಯರಲ್ಲಿ ಮೂರು ಬದಲಾವಣೆಗಳನ್ನು ಗಮನಿಸಬೇಕು. ಮೂತ್ರಪಿಂಡಗಳು ಲವಣ ಮತ್ತು ನೀರನ್ನು ಉಳಿಸಿಕೊಳ್ಳುವ ಶಕ್ತಿ ತಗ್ಗುತ್ತದೆ. ಆ ಕೆಲಸಕ್ಕೆ ನೆರವಾಗುವ ಹಾರ್ಮೋನುಗಳ ಮಟ್ಟವೂ ಇಳಿಯುತ್ತದೆ. ಬಾಯಾರಿಕೆಯ ಅರಿವು ಮಂದವಾಗುತ್ತದೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ದಿನ ನೀರು ಕುಡಿಯದೆ ಇದ್ದ ಆರೋಗ್ಯವಂತ ವೃದ್ಧರಿಗೆ ಯುವಕರಿಗಿಂತ ಕಡಿಮೆ ಬಾಯಾರಿಕೆಯಾಗಿತ್ತು. ನೀರು ಕೊಟ್ಟಾಗಲೂ ಅವರು ಕಡಿಮೆ ಕುಡಿದರು.

ಈ ಇಳಿಕೆಯಲ್ಲಿ ವಯಸ್ಸಿನ ಪಾಲು ಎಷ್ಟು, ಅಭ್ಯಾಸದ ಪಾಲು ಎಷ್ಟು ಎಂಬ ಪ್ರಶ್ನೆಯನ್ನು 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ಪರಿಶೀಲಿಸಿದರು. ಡೇವಿ ಮತ್ತು ಸೀಲ್ಸ್ ಅವರು 1994ರಲ್ಲಿ ಆರೋಗ್ಯವಂತ ವಯೋವೃದ್ಧ ಪುರುಷರ ಒಟ್ಟು ರಕ್ತವು ಯುವಕರದಕ್ಕಿಂತ ಕಡಿಮೆ ಇರುವುದನ್ನು ವರದಿ ಮಾಡಿದರು. 1997ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ದೈಹಿಕವಾಗಿ ಚಟುವಟಿಕೆಯಿಂದಿದ್ದ ಮಹಿಳೆಯರಲ್ಲಿ ವಯಸ್ಸಿನೊಂದಿಗೆ ರಕ್ತದ ಪ್ರಮಾಣ ಇಳಿದಿರಲಿಲ್ಲ. 1998ರಲ್ಲಿ ಹ್ಯಾಗ್‌ಬರ್ಗ್ ಮತ್ತು ಸಂಗಡಿಗರು, ದೀರ್ಘಕಾಲ ಓಟದ ಅಭ್ಯಾಸವಿದ್ದ ಹಿರಿಯ ಪುರುಷರ ರಕ್ತದ ಪ್ರಮಾಣವು ಅದೇ ವಯಸ್ಸಿನ ಇತರರಿಗಿಂತ ಹೆಚ್ಚಿರುವುದನ್ನೂ, ಅವರ ಹೃದಯದ ಕಾರ್ಯಕ್ಷಮತೆಗೆ ಅದು ನೆರವಾಗಿರುವುದನ್ನೂ ತೋರಿಸಿದರು.

ಚಟುವಟಿಕೆಯು ವಯಸ್ಸನ್ನೇ ತಡೆಯುತ್ತದೆ ಎಂದು ಇದರ ಅರ್ಥವಲ್ಲ. ನಿಯಮಿತ ವ್ಯಾಯಾಮ ಮಾಡುವವರಲ್ಲಿಯೂ ಗರಿಷ್ಠ ಹೃದಯ ಬಡಿತ ಇಳಿಯುತ್ತದೆ, ಏರೋಬಿಕ್ ಸಾಮರ್ಥ್ಯವೂ ತಗ್ಗುತ್ತದೆ. ಆದರೆ ರಕ್ತದ ಪ್ರಮಾಣವು ಮನುಷ್ಯನ ಪ್ರಯತ್ನಕ್ಕೆ ಬಹುಮಟ್ಟಿಗೆ ಒಳಪಟ್ಟ ಅಂಶವಾಗಿದೆ.

7. ಹಾಸಿಗೆ ಹಿಡಿದಾಗ ಆಗುವ ನಷ್ಟ

ಮಲಗಿದ ಸ್ಥಿತಿಯಲ್ಲಿ ಕಾಲುಗಳಲ್ಲಿದ್ದ ರಕ್ತವು ಎದೆಯ ಭಾಗಕ್ಕೆ ಸರಿಯುತ್ತದೆ. ದ್ರವ ಹೆಚ್ಚಾಗಿದೆ ಎಂದು ಭಾವಿಸಿದ ದೇಹವು ಅದನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ಹೀಗಾಗಿ ಸಂಪೂರ್ಣ ಹಾಸಿಗೆ ವಿಶ್ರಾಂತಿಯ ಮೊದಲ ಕೆಲವು ದಿನಗಳಲ್ಲಿಯೇ ಪ್ಲಾಸ್ಮಾ ಪ್ರಮಾಣ ಗಮನಾರ್ಹವಾಗಿ ಕುಸಿಯುತ್ತದೆ.

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ 20 ವರ್ಷ ವಯಸ್ಸಿನ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ಪರೀಕ್ಷಿಸಲಾಯಿತು. ಅವರ ಏರೋಬಿಕ್ ಸಾಮರ್ಥ್ಯವು ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಪರೀಕ್ಷಿಸಲಾಯಿತು. ಮೂವತ್ತು ವರ್ಷಗಳ ವಯೋಮಾನಕ್ಕಿಂತ ಮೂರು ವಾರಗಳ ಹಾಸಿಗೆ ವಿಶ್ರಾಂತಿಯೇ ಅವರ ಸಾಮರ್ಥ್ಯವನ್ನು ಹೆಚ್ಚು ಕುಗ್ಗಿಸಿತ್ತು ಎಂಬುದು ಕಂಡುಬಂದಿತು. ಸುಮಾರು ಆರು ತಿಂಗಳ ಕ್ರಮಬದ್ಧ ತರಬೇತಿಯ ನಂತರ, ಐವತ್ತರ ವಯಸ್ಸಿನ ಆ ವ್ಯಕ್ತಿಗಳ ಸರಾಸರಿ ಸಾಮರ್ಥ್ಯವು ಅವರ ಇಪ್ಪತ್ತರ ವಯಸ್ಸಿನ ಆರಂಭಿಕ ಮಟ್ಟಕ್ಕೆ ಮರಳಿತು.

ಜ್ವರ, ಶಸ್ತ್ರಚಿಕಿತ್ಸೆ ಅಥವಾ ಮೂಳೆ ಮುರಿತದ ನಂತರ ಹಿರಿಯರನ್ನು ಅಗತ್ಯಕ್ಕಿಂತ ಹೆಚ್ಚು ದಿನ ಮಲಗಿಸಿರುವುದು ಸರಿಯಲ್ಲ ಎಂದು ವೈದ್ಯರು ಹೇಳುವುದಕ್ಕೆ ಇದೂ ಒಂದು ಕಾರಣ. ವೈದ್ಯರು ಅನುಮತಿಸಿದ ಕೂಡಲೇ ಅವರನ್ನು ಕೂರಿಸುವುದು, ನಿಲ್ಲಿಸುವುದು, ನಡೆಸುವುದು ಚಿಕಿತ್ಸೆಯ ಭಾಗವೇ ಆಗಿದೆ.

8. ಎದ್ದು ನಿಂತಾಗ ತಲೆಸುತ್ತು ಬರುವುದು

ಎದ್ದು ನಿಂತಾಗ ಸುಮಾರು ಅರ್ಧ ಲೀಟರಿಗಿಂತ ಹೆಚ್ಚು ರಕ್ತವು ಕಾಲು ಮತ್ತು ಹೊಟ್ಟೆಯ ಭಾಗಕ್ಕೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ಹೃದಯ ಬಡಿತ ಹೆಚ್ಚಿ, ರಕ್ತನಾಳಗಳು ಸಂಕುಚಿತಗೊಂಡು ಕೂಡಲೇ ಸರಿದೂಗುತ್ತದೆ. ವಯಸ್ಸಾದವರಲ್ಲಿ ಈ ಪ್ರತಿಕ್ರಿಯೆ ನಿಧಾನ. ಅದರೊಡನೆ ಒಟ್ಟು ರಕ್ತವೂ ಕಡಿಮೆ ಇದ್ದರೆ ಮಿದುಳಿಗೆ ರಕ್ತದ ಪೂರೈಕೆ ಕ್ಷಣಕಾಲ ಕುಂಠಿತವಾಗಿ ಕಣ್ಣು ಕತ್ತಲಿಡುತ್ತದೆ. ಎದ್ದು ನಿಂತ ಮೂರು ನಿಮಿಷಗಳೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಅದನ್ನು ವೈದ್ಯಕೀಯವಾಗಿ ಗಮನಿಸಬೇಕಾದ ಇಳಿಕೆ ಎಂದು ಪರಿಗಣಿಸಲಾಗುತ್ತದೆ.

ಇದರಿಂದ ಒಂದು ವಿಷವರ್ತುಲ ಆರಂಭವಾಗುವ ಸಾಧ್ಯತೆಯಿದೆ. ಒಮ್ಮೆ ಬಿದ್ದವರು ಭಯದಿಂದ ನಡೆಯುವುದನ್ನು ಬಿಡುತ್ತಾರೆ. ರಾತ್ರಿ ಏಳಬೇಕಾದೀತೆಂದು ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಎರಡರಿಂದಲೂ ರಕ್ತದ ಪ್ರಮಾಣ ಇನ್ನಷ್ಟು ಇಳಿದು ತಲೆಸುತ್ತು ಹೆಚ್ಚುತ್ತದೆ. ಮುಂದಿನ ಬಾರಿ ಬಿದ್ದಾಗ ಸೊಂಟದ ಮೂಳೆ ಮುರಿಯಬಹುದು. ಕುಟುಂಬದವರು ಈ ವರ್ತುಲವನ್ನು ಆರಂಭದಲ್ಲಿಯೇ ಗುರುತಿಸುವುದು ಅತ್ಯಗತ್ಯ.

9. ಹಿರಿಯ ನಾಗರಿಕರು ಅನುಸರಿಸಬಹುದಾದ ಕ್ರಮಗಳು

1) ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಏರೋಬಿಕ್ ಚಟುವಟಿಕೆ ಅಪೇಕ್ಷಣೀಯ. ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ ವೇಗವಾಗಿ ನಡೆದರೆ ಕನಿಷ್ಠ ಮಿತಿ ಪೂರ್ಣಗೊಳ್ಳುತ್ತದೆ.

2) ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಕಷ್ಟವಾಗಬೇಕು. ಇದು ಮಧ್ಯಮ ಪ್ರಮಾಣದ ಸುಲಭ ಅಳತೆ.

3) ಅಭ್ಯಾಸವಿಲ್ಲದವರು ದಿನಕ್ಕೆ 5ರಿಂದ 10 ನಿಮಿಷಗಳಿಂದ ಆರಂಭಿಸಿ, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವುದು.

4) 65 ವರ್ಷ ಮೀರಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ ಮತ್ತು ಸ್ನಾಯುಬಲ ಹೆಚ್ಚಿಸುವ ವ್ಯಾಯಾಮಗಳನ್ನೂ ಮಾಡುವುದು. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಯ ಆಸರೆಯಲ್ಲಿ ಒಂದೇ ಕಾಲಿನ ಮೇಲೆ ನಿಲ್ಲುವುದು ಇದಕ್ಕೆ ಉದಾಹರಣೆ.

5) ಬಾಯಾರಿಕೆಗೆ ಕಾಯದೆ ನಿಗದಿತ ಸಮಯಕ್ಕೆ ನೀರು, ಮಜ್ಜಿಗೆ ಅಥವಾ ತಿಳಿಸಾರು ಸೇವಿಸುವುದು. ಬೇಸಿಗೆಯಲ್ಲಿ, ಅದರಲ್ಲಿಯೂ ಕಲಬುರಗಿ, ರಾಯಚೂರು, ಬಳ್ಳಾರಿ ಮುಂತಾದ ಹೆಚ್ಚು ಬಿಸಿಲಿನ ಜಿಲ್ಲೆಗಳಲ್ಲಿ, ನಡಿಗೆಯನ್ನು ಮುಂಜಾನೆ ಅಥವಾ ಸಂಜೆಗೆ ಸೀಮಿತಗೊಳಿಸುವುದು.

6) ಪ್ರತಿ ಊಟದಲ್ಲಿಯೂ ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆ ಅಥವಾ ಮೀನು ಇವುಗಳಲ್ಲಿ ಒಂದಾದರೂ ಇರುವಂತೆ ನೋಡಿಕೊಳ್ಳುವುದು. ಜಪಾನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟು ವಾರಗಳ ಸೈಕಲ್ ವ್ಯಾಯಾಮದೊಂದಿಗೆ ಪ್ರೋಟೀನು ಮತ್ತು ಪಿಷ್ಟವುಳ್ಳ ಆಹಾರವನ್ನು ವ್ಯಾಯಾಮದ ಬೆನ್ನಲ್ಲೇ ಸೇವಿಸಿದ ಹಿರಿಯ ಪುರುಷರಲ್ಲಿ ಪ್ಲಾಸ್ಮಾ ಹೆಚ್ಚಿತು. ಅದನ್ನು ಸೇವಿಸದವರಲ್ಲಿ ಹೆಚ್ಚಲಿಲ್ಲ.

7) ಸೊಪ್ಪು, ಕಾಳುಗಳೊಡನೆ ನಿಂಬೆರಸ ಬಳಸುವುದು. ಊಟವಾದ ಕೂಡಲೇ ಚಹಾ, ಕಾಫಿ ಸೇವಿಸದಿರುವುದು. ಇದರಿಂದ ಕಬ್ಬಿಣಾಂಶವು ದೇಹಕ್ಕೆ ಚೆನ್ನಾಗಿ ಸೇರುತ್ತದೆ.

8) ಹಾಸಿಗೆಯಿಂದ ಏಳುವಾಗ ಮೊದಲು ಒಂದು ನಿಮಿಷ ಕುಳಿತು, ಪಾದಗಳನ್ನು ಅಲ್ಲಾಡಿಸಿ, ನಂತರ ಆಸರೆ ಹಿಡಿದು ನಿಲ್ಲುವುದು.

10. ಮೊದಲು ವೈದ್ಯರ ಸಲಹೆ ಪಡೆಯಬೇಕಾದವರು

- ಹೃದ್ರೋಗ, ಹೃದಯ ವೈಫಲ್ಯ, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ ಇರುವವರು. ಇವರಲ್ಲಿ ಕೆಲವರಿಗೆ ನೀರು ಮತ್ತು ಉಪ್ಪಿನ ಮಿತಿ ವಿಧಿಸಲಾಗಿರುತ್ತದೆ. ಮೇಲಿನ 5ನೇ ಸಲಹೆ ಅಂತಹವರಿಗೆ ಅನ್ವಯಿಸುವುದಿಲ್ಲ.
- ರಕ್ತದೊತ್ತಡಕ್ಕೆ ಅಥವಾ ಮೂತ್ರ ಹೆಚ್ಚಿಸಲು ಮಾತ್ರೆ ಸೇವಿಸುತ್ತಿರುವವರು. ತಲೆಸುತ್ತು ಬಂದರೆ ವೈದ್ಯರಿಗೆ ತಿಳಿಸಬೇಕು. ಸ್ವತಃ ಮಾತ್ರೆ ನಿಲ್ಲಿಸಬಾರದು.
- ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ಪಡೆಯುತ್ತಿರುವವರು.
- ಮಲ ಕಪ್ಪಾಗಿ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಅಲ್ಪ ಶ್ರಮಕ್ಕೂ ಏದುಸಿರು ಬರುವುದು ಇಂತಹ ಲಕ್ಷಣಗಳಿರುವವರು.

ನಡೆಯುವಾಗ ಎದೆನೋವು, ಪ್ರಜ್ಞೆ ತಪ್ಪುವಿಕೆ ಅಥವಾ ತೀವ್ರ ಉಸಿರಾಟದ ತೊಂದರೆ ಉಂಟಾದಲ್ಲಿ ಕೂಡಲೇ ವ್ಯಾಯಾಮ ನಿಲ್ಲಿಸಿ 108 ಆಂಬುಲೆನ್ಸ್ ಸೇವೆಗೆ ಕರೆ ಮಾಡುವುದು.

11. ರಕ್ತದಾನ ಮತ್ತು ವಯೋಮಿತಿ

ಭಾರತದಲ್ಲಿ 18ರಿಂದ 65 ವರ್ಷದೊಳಗಿನ ಆರೋಗ್ಯವಂತರು ರಕ್ತದಾನ ಮಾಡಬಹುದು. ಮೊದಲ ಬಾರಿಗೆ ದಾನ ಮಾಡುವವರ ವಯಸ್ಸು 60 ಮೀರಿರಬಾರದು. ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಹಾಗೂ ತೂಕ ಕನಿಷ್ಠ 45 ಕಿ.ಗ್ರಾಂ ಇರಬೇಕು. ಪುರುಷರು 90 ದಿನಗಳ, ಮಹಿಳೆಯರು 120 ದಿನಗಳ ಅಂತರದಲ್ಲಿ ಮತ್ತೆ ದಾನ ಮಾಡಬಹುದು.

ಒಂದು ಬಾರಿಗೆ ಸಾಮಾನ್ಯವಾಗಿ 350 ಅಥವಾ 450 ಮಿ.ಲೀ. ರಕ್ತ ಪಡೆಯಲಾಗುತ್ತದೆ. ಪ್ಲಾಸ್ಮಾ ಭಾಗವು ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣಗಳು ಪೂರ್ಣ ಮರಳಲು ವಾರಗಳು ಬೇಕು. ಆದುದರಿಂದ ದಾನದ ದಿನ ಕಠಿಣ ವ್ಯಾಯಾಮ ಬೇಡ. ನಂತರದ ಕೆಲವು ವಾರ ನಡಿಗೆಯಲ್ಲಿ ಸ್ವಲ್ಪ ಹೆಚ್ಚು ಆಯಾಸವೆನಿಸಿದರೆ ಗಾಬರಿಪಡಬೇಕಾಗಿಲ್ಲ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹಿಮೋಗ್ಲೋಬಿನ್ ಸರಿಯಾಗಿದೆ ಎಂದು ವರದಿ ಬಂದಿದೆ. ಆದರೂ ಎದ್ದಾಗ ತಲೆಸುತ್ತು ಬರುತ್ತದೆ. ಏಕೆ?
ಉತ್ತರ: ಸಾಂದ್ರತೆ ಸರಿಯಿದ್ದೂ ಒಟ್ಟು ರಕ್ತ ಕಡಿಮೆ ಇರಬಹುದು. ಔಷಧಿ, ಮಧುಮೇಹ ಅಥವಾ ನರಗಳ ತೊಂದರೆಯೂ ಕಾರಣವಾಗಿರಬಹುದು. ಮಲಗಿದಾಗ ಮತ್ತು ನಿಂತಾಗ ಎರಡೂ ಸ್ಥಿತಿಯಲ್ಲಿ ರಕ್ತದೊತ್ತಡ ಅಳೆಯುವಂತೆ ವೈದ್ಯರನ್ನು ಕೋರುವುದು.

ಪ್ರಶ್ನೆ: ರಕ್ತದ ಒಟ್ಟು ಪ್ರಮಾಣವನ್ನು ಪರೀಕ್ಷೆ ಮಾಡಿಸಬೇಕೆ?
ಉತ್ತರ: ಸಾಮಾನ್ಯವಾಗಿ ಅಗತ್ಯವಿಲ್ಲ. ಈ ಅಳತೆಗೆ ವಿಶೇಷ ವಿಧಾನಗಳು ಬೇಕಾಗಿದ್ದು, ಅವು ಹೆಚ್ಚಾಗಿ ಸಂಶೋಧನೆಗಳಲ್ಲಿ ಬಳಕೆಯಾಗುತ್ತವೆ.

ಪ್ರಶ್ನೆ: ಟಾನಿಕ್ ಅಥವಾ ಕಬ್ಬಿಣದ ಮಾತ್ರೆ ಸೇವಿಸಿದರೆ ಸಾಲದೆ?
ಉತ್ತರ: ಕೊರತೆ ಇದ್ದವರಿಗೆ ಮಾತ್ರ ಇವು ಉಪಯುಕ್ತ. ಕೊರತೆ ಇಲ್ಲದವರಲ್ಲಿ ರಕ್ತವನ್ನು ಹೆಚ್ಚಿಸುವುದಿಲ್ಲ. ಪರೀಕ್ಷೆಯಿಲ್ಲದೆ ದೀರ್ಘಕಾಲ ಸೇವಿಸುವುದು ಸೂಕ್ತವಲ್ಲ.

ಪ್ರಶ್ನೆ: ರಕ್ತ ಹೆಚ್ಚಿದರೆ ರಕ್ತದೊತ್ತಡವೂ ಏರುವುದಿಲ್ಲವೆ?
ಉತ್ತರ: ನಿಯಮಿತ ಏರೋಬಿಕ್ ವ್ಯಾಯಾಮದಿಂದ ರಕ್ತನಾಳಗಳು ಸುಲಭವಾಗಿ ಹಿಗ್ಗುವಂತಾಗುತ್ತವೆ. ಆದುದರಿಂದ ಒಟ್ಟಾರೆ ರಕ್ತದೊತ್ತಡ ಇಳಿಯುವುದೇ ಸಾಮಾನ್ಯ. ಆದರೆ ರಕ್ತ ಹೆಚ್ಚಿಸಿಕೊಳ್ಳಲೆಂದು ಉಪ್ಪನ್ನು ಹೆಚ್ಚು ಸೇವಿಸುವುದು ಅಪಾಯಕಾರಿ.

ಪ್ರಶ್ನೆ: 70 ವರ್ಷ ದಾಟಿದ ಮೇಲೆ ಆರಂಭಿಸಿದರೆ ಪ್ರಯೋಜನವಿದೆಯೆ?
ಉತ್ತರ: ಇದೆ. ಹಿರಿಯರಲ್ಲಿ ಪ್ಲಾಸ್ಮಾ ಏರಿಕೆಯು ಯುವಕರಷ್ಟು ಶೀಘ್ರವಾಗಿ ಆಗದು. ಆದುದರಿಂದ ಕೆಲವು ದಿನಗಳಲ್ಲಿ ಫಲ ಕಾಣಲಿಲ್ಲವೆಂದು ನಿಲ್ಲಿಸಬಾರದು. ತಿಂಗಳುಗಳ ಅಭ್ಯಾಸದಿಂದ ನಡಿಗೆಯ ಶಕ್ತಿ, ಸಮತೋಲನ ಮತ್ತು ರಕ್ತದೊತ್ತಡ ಸುಧಾರಿಸುತ್ತವೆ.

ಪ್ರಶ್ನೆ: ಮನೆಗೆಲಸ, ತೋಟದ ಕೆಲಸ ಲೆಕ್ಕಕ್ಕೆ ಬರುತ್ತದೆಯೆ?
ಉತ್ತರ: ಉಸಿರು ಸ್ವಲ್ಪ ಏರುವಷ್ಟು ಶ್ರಮವಿದ್ದರೆ ಬರುತ್ತದೆ.

13. ಸೇವೆಗಳು ಮತ್ತು ಸೂಚನೆ

ರಕ್ತದೊತ್ತಡ, ಹಿಮೋಗ್ಲೋಬಿನ್ ಮತ್ತು ಸಕ್ಕರೆ ಪರೀಕ್ಷೆಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಹಿರಿಯರ ಆರೋಗ್ಯ ಆರೈಕೆಗಾಗಿ ಕೇಂದ್ರ ಸರ್ಕಾರವು 2010ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರ ಚಿಕಿತ್ಸಾ ವಿಭಾಗ ಮತ್ತು ಫಿಸಿಯೋಥೆರಪಿ ಸೌಲಭ್ಯಗಳಿಗೆ ಅವಕಾಶ ಕಲ್ಪಿಸಲಾಗಿದೆ. ಹಿರಿಯ ನಾಗರಿಕರು ಮಾರ್ಗದರ್ಶನಕ್ಕಾಗಿ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಆಸ್ಪತ್ರೆಗೆ ಹೋಗುವಾಗ ಹಿಂದಿನ ವರದಿಗಳು ಮತ್ತು ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ತಪ್ಪದೆ ಕೊಂಡೊಯ್ಯಲು ಕೋರಲಾಗಿದೆ.

ಈ ಮಾಹಿತಿಯು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ.